ವಹಿ ಯಾರ ಕೈಯಲ್ಲಿ?

1875ರ ಮೇ 12ರಂದು ಪುಣೆ ಜಿಲ್ಲೆಯ ಸುಪೆಯಲ್ಲಿ ಸಂತೆಗೆ ಸೇರಿದ್ದ ರೈತರು ಸಾಹುಕಾರರ ಮನೆ, ಅಂಗಡಿಗಳಿಗೆ ನುಗ್ಗಿದರು. ಅವರು ಕೇಳಿದ್ದು ಸಾಲದ ಪತ್ರ, ಲೆಕ್ಕದ ವಹಿ. ಸಿಕ್ಕವನ್ನು ಅಲ್ಲೇ ಸುಟ್ಟರು. ದಂಗೆ ಅಹ್ಮದನಗರದ ಹಳ್ಳಿಗಳಿಗೂ ಹಬ್ಬಿತು. ಹತ್ತಿಯ ಬೆಲೆ ಕುಸಿದಿತ್ತು, ಕಂದಾಯ ಏರಿತ್ತು. ಆದರೆ ಸಿಟ್ಟು ವಹಿಯ ಮೇಲೆಯೇ ತಿರುಗಿತಲ್ಲ, ಅದನ್ನು ಗಮನಿಸಬೇಕು. ಸಾಲ ಎಷ್ಟು, ಬಡ್ಡಿ ಎಷ್ಟು, ಕೊಟ್ಟದ್ದು ಜಮಾ ಆಯಿತೋ ಇಲ್ಲವೋ ಎಂಬುದೆಲ್ಲ ಸಾಹುಕಾರನ ವಹಿಯಲ್ಲಿ ಮಾತ್ರ ಇತ್ತು. ಓದು ಬಾರದ ರೈತ ಹೆಬ್ಬೆಟ್ಟು ಒತ್ತುತ್ತಿದ್ದ, ಅಷ್ಟೆ.

1879ರಲ್ಲಿ ಬಂದ ದಖ್ಖನ್ ಕೃಷಿಕರ ಪರಿಹಾರ ಕಾಯ್ದೆಯಲ್ಲಿ ಇದಕ್ಕೊಂದು ಉತ್ತರವಿದೆ. ಕಟ್ಟಿದ ಹಣಕ್ಕೆ ರಸೀದಿ, ವರ್ಷಕ್ಕೊಮ್ಮೆ ಲೆಕ್ಕದ ಪಟ್ಟಿ, ಕೈಯಲ್ಲಿಟ್ಟುಕೊಳ್ಳಲು ಪಾಸ್‌ಬುಕ್ ಕೇಳುವ ಹಕ್ಕು ರೈತನಿಗೆ ಸಿಕ್ಕಿತು. ಲೆಕ್ಕದ ಒಂದು ಪ್ರತಿ ಸಾಲಗಾರನ ಬಳಿಯೂ ಇರಬೇಕು ಎಂಬುದನ್ನು ಸರ್ಕಾರ ಒಪ್ಪಿದಂತಾಯಿತು.

ಮಹಾರಾಷ್ಟ್ರದ ಗಡಿಯಲ್ಲಿರುವ ನಮ್ಮ ಕನಮಡಿಯಲ್ಲಿ ಕುಳಿತು ಈ ಕಥೆ ನೆನಪಾದದ್ದು ಮೊಬೈಲಿನ ಒಂದು ಆ್ಯಪ್‌ನಿಂದ. ಅದರಲ್ಲಿ ಮನೆಯ ಜಮಾ–ಖರ್ಚು ಬರೆಯುತ್ತಿದ್ದೆ. ಒಂದು ದಿನ ಅದು, ಚಂದಾ ಕಟ್ಟಿದರೆ ಮಾತ್ರ ಹಳೆಯ ಲೆಕ್ಕ ತೋರಿಸುತ್ತೇನೆ ಎಂದಿತು. ಲೆಕ್ಕ ನಮ್ಮದು, ವಹಿ ಅವರದು! ನನ್ನ ಹಳೆಯ ಕಂಪ್ಯೂಟರಿನಲ್ಲಿ ಲಿನಕ್ಸ್ ಇತ್ತು. ಅದಕ್ಕೆ ಹೊಂದುವ ಮುಕ್ತ ತಂತ್ರಾಂಶ ಹುಡುಕಲು ಹೊರಟೆ.

ಮೊದಲು ಸಿಕ್ಕಿದ್ದು ಗ್ನುಕ್ಯಾಶ್. 1997ರಲ್ಲಿ ರಾಬಿನ್ ಕ್ಲಾರ್ಕ್ ‘ಎಕ್ಸ್–ಅಕೌಂಟೆಂಟ್’ ಎಂಬ ಹೆಸರಿನಲ್ಲಿ ಶುರುಮಾಡಿದ್ದು ಮುಂದೆ ಗ್ನುಕ್ಯಾಶ್ ಆಯಿತು. 1998ರಲ್ಲಿ ಮೊದಲ ಸ್ಥಿರ ಆವೃತ್ತಿ ಬಂತು. ಇದು ನಡೆಯುವುದು ಜಮೆ–ನಾವೆಯ ಜೋಡಿ ದಾಖಲೆ ಪದ್ಧತಿಯಲ್ಲಿ. ವೆನಿಸ್‌ನ ವ್ಯಾಪಾರಿಗಳು ಬಳಸುತ್ತಿದ್ದ ಈ ಪದ್ಧತಿಯನ್ನು ಲೂಕಾ ಪಚೋಲಿ 1494ರಲ್ಲೇ ಅಚ್ಚು ಹಾಕಿಸಿ ವಿವರಿಸಿದ್ದ. ಮನೆಯ ಖರ್ಚನ್ನಷ್ಟೇ ಬರೆಯುವವರಿಗೆ ಹೋಂಬ್ಯಾಂಕ್ ಸರಳ. ಕೆಡಿಇ ಬಳಸುವವರಿಗೆ ಕೆಮೈಮನಿ ಇದೆ. ಜಾನ್ ವೀಗ್ಲಿ 2003ರಲ್ಲಿ ಬರೆದ ಲೆಡ್ಜರ್‌ಗೆ ಬರೀ ಪಠ್ಯದ ಫೈಲು ಸಾಕು. ತಂತ್ರಾಂಶವೇ ಇಲ್ಲದಿದ್ದರೂ ಆ ಲೆಕ್ಕವನ್ನು ಕಣ್ಣಿನಿಂದಲೇ ಓದಬಹುದು.

ನಾನು ಗ್ನುಕ್ಯಾಶ್ ಆರಿಸಿಕೊಂಡೆ. ಕಾರಣ ದ್ರಾಕ್ಷಿ. ಚಾಟ್ನಿಯ ಕೂಲಿ, ಗೊಬ್ಬರ, ಔಷಧ ಎಂದು ನಮ್ಮ ಕಡೆ ವರ್ಷವಿಡೀ ಹಣ ಹೋಗುತ್ತದೆ. ಬರುವುದು ಮಾಲು ಮಾರಿದಾಗ. ನಡುವಿನದೆಲ್ಲ ಉದ್ರಿ. 12,000 ರೂಪಾಯಿಯ ಔಷಧ ಉದ್ರಿ ತಂದರೆ ಗ್ನುಕ್ಯಾಶ್‌ನಲ್ಲಿ ಅದನ್ನು ಎರಡು ಕಡೆ ಬರೆಯಬೇಕು: ‘ಔಷಧ’ ಖಾತೆಗೆ ಖರ್ಚು, ‘ಅಂಗಡಿ ಬಾಕಿ’ ಖಾತೆಗೆ ಸಾಲ. 5,000 ಕೊಟ್ಟರೆ ನಗದೂ ಇಳಿಯುತ್ತದೆ, ಬಾಕಿಯೂ ಇಳಿಯುತ್ತದೆ. ಉಳಿದ 7,000 ಅಂಗಡಿಯವರು ಹೇಳುವ ಮೊದಲೇ ನಮಗೆ ಗೊತ್ತು. ಖಾತೆಗಳ ಹೆಸರನ್ನು ಕನ್ನಡದಲ್ಲೇ ಇಡಬಹುದು.

‘ಮುಕ್ತ’ ಎಂದರೆ ಬಿಟ್ಟಿ ಎಂದಷ್ಟೇ ಅಲ್ಲ. ಗ್ನುಕ್ಯಾಶ್ ಲೆಕ್ಕವನ್ನು ಎಕ್ಸ್ಎಂಎಲ್ ಫೈಲಿನಲ್ಲಿ ಇಡುತ್ತದೆ. ಅದರ ರಚನೆ ಗುಟ್ಟಲ್ಲ, ತಂತ್ರಾಂಶದ ಮೂಲ ಸಂಕೇತವೂ ಗುಟ್ಟಲ್ಲ. ನಾಳೆ ಇದನ್ನು ಮಾಡುವವರು ಕೈಬಿಟ್ಟರೂ ಇನ್ನೊಬ್ಬರು ಆ ಫೈಲನ್ನು ಓದುವ ದಾರಿ ಮಾಡಬಹುದು. ಆದರೆ ಫೈಲನ್ನು ಕಾಯುವ ಕೆಲಸ ನಮ್ಮದೇ: ಡಿಸ್ಕ್ ಕೆಟ್ಟರೆ ಯಾರೂ ಮರಳಿ ಕೊಡುವುದಿಲ್ಲ. ಹಾಗಾಗಿ ತಿಂಗಳಿಗೊಮ್ಮೆ ಪೆನ್‌ಡ್ರೈವ್‌ಗೆ ಒಂದು ಪ್ರತಿ ಇಳಿಸುತ್ತೇನೆ, ಬಾಕಿಯ ಪಟ್ಟಿಯನ್ನು ಅಚ್ಚು ಹಾಕಿ ಮನೆಯವರ ಕೈಗೆ ಕೊಡುತ್ತೇನೆ. 1879ರ ಕಾಯ್ದೆ ವರ್ಷಕ್ಕೊಮ್ಮೆ ಕೊಡಿಸಹೊರಟದ್ದು ಇಂಥದ್ದೇ ಒಂದು ಪಟ್ಟಿಯನ್ನು.