ಚಿನ್ನದ ಗಣಿಯ ಸುತ್ತಲಿನ ಮಣ್ಣಿನ ಹಾದಿ: ಕೆ.ಜಿ.ಎಫ್. ಸೀಮೆಯಲ್ಲಿ ಗ್ರಾವೆಲ್ ಸೈಕಲ್ ಸವಾರಿ

ಕೋಲಾರದ ಚಿನ್ನದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಅಂದಿನಿಂದ ಕೆ.ಜಿ.ಎಫ್. ಎಂಬ ಹೆಸರು ಹೊರಗಿನವರ ಕಿವಿಗೆ ಬೀಳುವುದು ಗಣಿ ಮತ್ತೆ ತೆರೆಯುವ ಸುದ್ದಿ ಬಂದಾಗ, ಇಲ್ಲವೇ 2018ರಲ್ಲಿ ತೆರೆಕಂಡ ಅದೇ ಹೆಸರಿನ ಚಲನಚಿತ್ರದ ಮಾತು ಬಂದಾಗ. ಆದರೆ ಬೆಂಗಳೂರಿನಿಂದ ಸುಮಾರು ನೂರು ಕಿಲೋಮೀಟರ್ ದೂರದ ಈ ಸೀಮೆ ಮಣ್ಣಿನ ಹಾದಿಯ ಸೈಕಲ್ ಸವಾರಿಗೂ ಹೇಳಿ ಮಾಡಿಸಿದಂತಿದೆ. ಹಾದಿಯ ಆಯ್ಕೆಯಲ್ಲಿ ಮಾತ್ರ ಎಚ್ಚರ ಬೇಕು. ಕಣ್ಣಿಗೆ ಮೊದಲು ಬೀಳುವ ಬಿಳಿ ದಿಬ್ಬಗಳು ಸವಾರಿಗೆ ತಕ್ಕ ಜಾಗವಲ್ಲ. ತಕ್ಕ ಜಾಗವಿರುವುದು ಅವುಗಳ ಸುತ್ತಲಿನ ಹಳ್ಳಿಗಾಡಿನಲ್ಲಿ.

ಏನಿದು ಗ್ರಾವೆಲ್ ಸವಾರಿ?

ಡಾಂಬರು ರಸ್ತೆಗೂ ಬೆಟ್ಟದ ಕಡಿದಾದ ಕಾಲುದಾರಿಗೂ ನಡುವಿನ ಹಾದಿಗಳಲ್ಲಿ, ಅಂದರೆ ಜಲ್ಲಿ ರಸ್ತೆ, ಬಂಡಿ ಜಾಡು, ಕೆರೆ ಏರಿ, ತೋಪಿನ ಅಂಚು ಇಂಥ ಕಡೆಗಳಲ್ಲಿ ದೂರ ಸಾಗುವುದೇ ಗ್ರಾವೆಲ್ ಸವಾರಿ. ಇದಕ್ಕೆ ಬಳಸುವ ಸೈಕಲ್ ನೋಡಲು ರೇಸಿಂಗ್ ಸೈಕಲ್ಲಿನಂತೆಯೇ ಬಾಗಿದ ಹ್ಯಾಂಡಲ್ ಹೊಂದಿರುತ್ತದೆ. ಟಯರು ಮಾತ್ರ ಅಗಲ, ಸಾಮಾನ್ಯವಾಗಿ 35ರಿಂದ 50 ಮಿಲಿಮೀಟರ್. ಗಾಳಿಯ ಒತ್ತಡ ಕಡಿಮೆ ಇಡುವುದರಿಂದ ಟಯರು ಕಲ್ಲಿನ ಮೇಲೆ ಪುಟಿಯದೆ ನೆಲವನ್ನು ಹಿಡಿದುಕೊಳ್ಳುತ್ತದೆ. ಅಮೆರಿಕದ ಕ್ಯಾನ್ಸಾಸ್ ರಾಜ್ಯದಲ್ಲಿ 2006ರಲ್ಲಿ ಆರಂಭವಾದ ದೂರದ ಸ್ಪರ್ಧೆಯೊಂದು, ಇಂದಿನ ಹೆಸರಿನಲ್ಲಿ 'ಅನ್‌ಬೌಂಡ್ ಗ್ರಾವೆಲ್', ಈ ಪ್ರಕಾರಕ್ಕೆ ಪ್ರಚಾರ ತಂದಿತು. 2022ರಲ್ಲಿ ಇಟಲಿಯಲ್ಲಿ ಇದರ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ದುಬಾರಿ ಸೈಕಲ್ ಇಲ್ಲದವರು ನಿರಾಶರಾಗಬೇಕಿಲ್ಲ. ಅಗಲ ಟಯರಿನ ಯಾವುದೇ ಗಟ್ಟಿಮುಟ್ಟಾದ ಸೈಕಲ್ ಈ ಸೀಮೆಗೆ ಸಾಕು. ಹಾಲಿನ ಕ್ಯಾನು ಕಟ್ಟಿಕೊಂಡು ಡೈರಿಗೆ ಹೋಗುವ ರೈತರು ಇವೇ ಹಾದಿಗಳಲ್ಲಿ ಎಷ್ಟೋ ವರ್ಷಗಳಿಂದ ಸೈಕಲ್ ತುಳಿದಿದ್ದಾರೆ, ಅದಕ್ಕೊಂದು ಹೆಸರಿಟ್ಟಿರಲಿಲ್ಲ ಅಷ್ಟೆ.

ಗಣಿಯ ಹಿನ್ನೆಲೆ

ಐರಿಷ್ ಮೂಲದ ಮೈಕೇಲ್ ಲೆವೆಲ್ಲೆ 1875ರಲ್ಲಿ ಮೈಸೂರು ಸಂಸ್ಥಾನದಿಂದ ಇಲ್ಲಿ ಗಣಿಗಾರಿಕೆಯ ಪರವಾನಗಿ ಪಡೆದನು. 1880ರ ದಶಕದಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಕೈಹಾಕಿದ ಮೇಲೆ ಚಿನ್ನ ನಿಜವಾಗಿ ಹೊರಬಂದಿತು. 1894ರಲ್ಲಿ ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ ರೈಲು ಬಂದಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಬಂದಿತು. 1956ರಲ್ಲಿ ಮೈಸೂರು ಸರ್ಕಾರ, 1962ರಲ್ಲಿ ಕೇಂದ್ರ ಸರ್ಕಾರ ಗಣಿಗಳನ್ನು ವಹಿಸಿಕೊಂಡವು. 1972ರಿಂದ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಅವನ್ನು ನಡೆಸಿತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಸುಮಾರು 120 ವರ್ಷಗಳಲ್ಲಿ ದೊರೆತ ಚಿನ್ನ 800 ಟನ್ನಿಗೂ ಅಧಿಕ.

ಚಿನ್ನ ಹೋಯಿತು, ಪುಡಿ ಉಳಿಯಿತು. ಅದಿರನ್ನು ಹಿಟ್ಟಿನಂತೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ತೆಗೆದ ಮೇಲೆ ಮಿಕ್ಕ ಕಲ್ಲುಪುಡಿಯನ್ನು ಊರಿನ ಪಕ್ಕದಲ್ಲಿಯೇ ಸುರಿಯಲಾಯಿತು. ಜನರು 'ಸೈನೈಡ್ ದಿಬ್ಬ' ಎಂದು ಕರೆಯುವ ಗುಡ್ಡಗಳು ಇವೇ. ಮೂರು ಕೋಟಿ ಟನ್ನಿಗೂ ಹೆಚ್ಚು ಪುಡಿ ಇಲ್ಲಿದೆ ಎಂಬುದು ಸಾಮಾನ್ಯವಾಗಿ ಒಪ್ಪಿರುವ ಅಂದಾಜು. ಇಂಥ 13 ದಿಬ್ಬಗಳನ್ನು ಮತ್ತೆ ಸಂಸ್ಕರಿಸುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ನೀಡಿತು.

ದಿಬ್ಬವನ್ನು ಏಕೆ ಏರಬಾರದು?

ಚಿತ್ರಗಳಲ್ಲಿ ಈ ದಿಬ್ಬಗಳು ಮರುಭೂಮಿಯಂತೆ ಸುಂದರವಾಗಿ ಕಾಣುತ್ತವೆ. ಸೈಕಲ್ ಸವಾರರನ್ನು ಸೆಳೆಯುವುದೂ ಅದೇ ನೋಟ. ಆದರೆ ಸೈನೈಡ್ ಎಂಬ ಹೆಸರು ಹುಟ್ಟಿಸುವ ಭಯ ಒಂದು, ನಿಜವಾದ ಅಪಾಯ ಇನ್ನೊಂದು. ಬಿಸಿಲು ಗಾಳಿಗೆ ಸೈನೈಡ್ ಕಾಲಕ್ರಮೇಣ ಒಡೆದುಹೋಗುತ್ತದೆ. ಬೆಣಚುಕಲ್ಲಿನ ಪುಡಿ ಎಲ್ಲಿಗೂ ಹೋಗುವುದಿಲ್ಲ. ಉಸಿರಿನೊಡನೆ ಒಳಸೇರುವ ಈ ಸಿಲಿಕಾ ಧೂಳು ಶ್ವಾಸಕೋಶಕ್ಕೆ ಹಾನಿಕರ. ಗಣಿ ಕಾರ್ಮಿಕರನ್ನು ಕಾಡಿದ ಸಿಲಿಕೋಸಿಸ್ ಎಂಬ ಕಾಯಿಲೆಗೆ ಮೂಲ ಇಂಥದೇ ಧೂಳು. ಗಾಳಿ ಬೀಸುವ ತಿಂಗಳುಗಳಲ್ಲಿ ಅದು ಹಾರಿ ಮನೆಗಳಿಗೂ ನುಗ್ಗುತ್ತದೆ. ಏದುಸಿರು ಬಿಡುತ್ತಾ ಪೆಡಲ್ ತುಳಿಯುವವನು ನಡೆಯುವವನಿಗಿಂತ ಹಲವು ಪಟ್ಟು ಗಾಳಿಯನ್ನು ಒಳಗೆಳೆದುಕೊಳ್ಳುತ್ತಾನೆ. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಗಟ್ಟಿಯಾದ ಮೇಲ್ಪದರವನ್ನು ಟಯರು ಒಡೆದಾಗ ಏಳುವ ಧೂಳು ಸವಾರ ಸಂಜೆ ಊರಿಗೆ ಮರಳಿದ ಮೇಲೂ ಇಲ್ಲಿಯೇ ಇರುತ್ತದೆ. ಅದನ್ನು ಉಸಿರಾಡುವವರು ಕೆಳಗಿನ ಲೈನ್ ಮನೆಗಳ ಮಕ್ಕಳು.

ಮಳೆಯ ನೀರು ಕೊರೆದ ಕೊರಕಲುಗಳ ಅಂಚು ಕುಸಿಯುವುದೂ ಉಂಟು. ಪಂಪು ನಿಂತ ಮೇಲೆ ಸುರಂಗಗಳಲ್ಲಿ ನೀರು ತುಂಬಿದೆ. 2020ರ ಮೇ ತಿಂಗಳಿನಲ್ಲಿ ಮುಚ್ಚಿದ ಗಣಿಯೊಂದಕ್ಕೆ ಇಳಿದ ಮೂವರು ಸತ್ತರು. ಗಣಿಗೆ ಸೇರಿದ ಜಮೀನಿಗೆ ಅನುಮತಿ ಇಲ್ಲದೆ ಹೋಗುವಂತೆಯೂ ಇಲ್ಲ.

ಇಂಗ್ಲೆಂಡಿನ ಕಾರ್ನ್‌ವಾಲ್‌ನ ಉದಾಹರಣೆಯನ್ನು ಇಲ್ಲಿ ನೆನೆಯಬೇಕು. ತವರಿನ ತಾಮ್ರ, ತವರದ ಗಣಿಗಳು ಸೊರಗಿದಾಗ ಅಲ್ಲಿನ ಗಣಿಗಾರರನೇಕರು ಕೆಲಸ ಅರಸಿ ಕೆ.ಜಿ.ಎಫ್.ಗೆ ಬಂದಿದ್ದರು. ಅವರ ಸೀಮೆಯಲ್ಲಿ ಅದಿರು ಸಾಗಿಸಲು ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಹಾಕಿದ ಹಳಿಗಳ ಜಾಡು ಇಂದು ಪೋರ್ಟ್‌ರೀತ್‌ನಿಂದ ಡೆವೊರಾನ್‌ವರೆಗೆ, ಸುಮಾರು 18 ಕಿಲೋಮೀಟರ್, ಸೈಕಲ್ ಹಾದಿಯಾಗಿದೆ. 2006ರಲ್ಲಿ ಆ ಗಣಿ ಪ್ರದೇಶ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ಅಲ್ಲಿ ಯಾವ ಹಾದಿ ಸವಾರನದು ಎಂಬುದನ್ನು ಮೊದಲೇ ಗುರುತಿಸಿಟ್ಟಿದ್ದಾರೆ. ನಮ್ಮಲ್ಲಿ ಆ ಗುರುತನ್ನು ಸವಾರನೇ ಮಾಡಿಕೊಳ್ಳಬೇಕು.

ಎಲ್ಲಿ ಸವಾರಿ ಮಾಡಬಹುದು?

ನೆಲದ ರಚನೆ ತಿಳಿದಿದ್ದರೆ ಹಾದಿ ಹುಡುಕುವುದು ಸುಲಭ. ಚಿನ್ನವಿರುವ ಶಿಲಾಪಟ್ಟಿ ಉತ್ತರ ದಕ್ಷಿಣವಾಗಿ ಸುಮಾರು 80 ಕಿಲೋಮೀಟರ್ ಉದ್ದವಿದೆ. ಅಗಲ ಮಾತ್ರ ಕೆಲವೇ ಕಿಲೋಮೀಟರ್. ಪಟ್ಟಿಯೊಳಗೆ ಕಪ್ಪು ಛಾಯೆಯ ಬಿರುಸು ಕಲ್ಲು, ಮಳೆ ಬಂದರೆ ಚಕ್ರಕ್ಕೆ ಅಂಟುವ ಮಣ್ಣು. ಪಟ್ಟಿಯನ್ನು ದಾಟಿದೊಡನೆ ನೈಸ್ ಶಿಲೆ ಸವೆದು ಆದ ಕೆಂಪು, ಹರಳು ಹರಳಾದ ಮಣ್ಣು. ನೀರು ಬೇಗ ಬಸಿದುಹೋಗುವ ಈ ನೆಲವೇ ಸವಾರಿಗೆ ಉತ್ತಮ.

ಮೊದಲ ಸಲ ಬರುವವರಿಗೆ ಈಶಾನ್ಯದ ಬೇತಮಂಗಲದ ದಿಕ್ಕು ಸೂಕ್ತ. ಏರಿಳಿತ ಕಡಿಮೆ, ರಾಗಿ ಹೊಲ, ಹಿಪ್ಪುನೇರಳೆ ತೋಟ, ಮಾವಿನ ತೋಪು, ನಡುವೆ ಕೆರೆ ಏರಿಗಳು. ಪಾಲಾರ್ ನದಿಗೆ ಸೇರಿದ ಬೇತಮಂಗಲದ ಕೆರೆಯಿಂದಲೇ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಗಣಿಗೆ ನೀರು ಒಯ್ಯಲಾಯಿತು. ಬಂಗಾರಪೇಟೆಯ ದಕ್ಷಿಣಕ್ಕೆ ಹೈದರಾಲಿಯ ಜನ್ಮಸ್ಥಳವೆಂದು ಹೆಸರಾದ ಬೂದಿಕೋಟೆಯ ಕಡೆ ಬಂಡೆಗುಡ್ಡಗಳು ಹೆಚ್ಚು, ಹಾದಿಯೂ ಕಠಿಣ. ಕಾಮಸಮುದ್ರದ ಆಚೆ, ಗಡಿಯ ಕಾಡಿನ ಅಂಚಿನಲ್ಲಿ, ಆನೆಗಳ ಸಂಚಾರವಿದೆ. ಬೆಳಗಿನ ಜಾವ ಮತ್ತು ಸಂಜೆ ಅತ್ತ ಸುಳಿಯದಿರುವುದು ಒಳಿತು. ಹಗಲಿನಲ್ಲಿಯೂ ಹಳ್ಳಿಯವರನ್ನು ವಿಚಾರಿಸಿಯೇ ಮುಂದುವರಿಯಬೇಕು.

ಗಣಿಯನ್ನು ನೋಡದೆ ಬರಬೇಕೆಂದಲ್ಲ. ಊರ್ಗಾಂ, ಚಾಂಪಿಯನ್, ಮಾರಿಕುಪ್ಪಂ ನಿಲ್ದಾಣಗಳನ್ನು ಜೋಡಿಸುವ ಸಾರ್ವಜನಿಕ ರಸ್ತೆಗಳಿಂದಲೇ ಶಾಫ್ಟಿನ ಕಬ್ಬಿಣದ ಗೋಪುರಗಳು, ಹಳೆಯ ಬಂಗಲೆಗಳು, ಸಾಲು ಸಾಲು ಲೈನ್ ಮನೆಗಳು ಕಾಣುತ್ತವೆ. ಲೈನ್ ಮನೆಗಳು ಪಾಳುಬಿದ್ದ ಸ್ಮಾರಕಗಳಲ್ಲ, ಜನ ಬಾಳುತ್ತಿರುವ ಮನೆಗಳು. ಅಲ್ಲಿನ ಅನೇಕರು ನಸುಕಿನಲ್ಲಿ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಭಾನುವಾರ ಮನೆಯಲ್ಲಿರುವವರ ಮುಖಕ್ಕೆ ಕ್ಯಾಮೆರಾ ಹಿಡಿಯುವ ಮುನ್ನ ಒಂದು ಮಾತು ಕೇಳುವುದು ಮರ್ಯಾದೆ. ಚಹಾದ ಅಂಗಡಿಯಲ್ಲಿ ಕುಳಿತರೆ ತಮಿಳು, ತೆಲುಗು, ಕನ್ನಡ ಮೂರೂ ಕೇಳುತ್ತವೆ. ಗಣಿಯಲ್ಲಿ ದುಡಿದ ಹಿರಿಯರು ಸಿಕ್ಕರೆ ಸವಾರಿ ಒಂದು ಗಂಟೆ ತಡವಾದರೂ ನಷ್ಟವಿಲ್ಲ.

ಸಿದ್ಧತೆ

ನವೆಂಬರಿನಿಂದ ಫೆಬ್ರವರಿವರೆಗಿನ ಕಾಲ ಅನುಕೂಲ. ಬೇಸಿಗೆಯಲ್ಲಿ ಹತ್ತು ಗಂಟೆಯ ನಂತರ ನೆರಳಿಲ್ಲದ ಬಯಲಿನಲ್ಲಿ ಸವಾರಿ ಬೇಡ. ಈ ಸೀಮೆಯ ದೊಡ್ಡ ಶತ್ರು ಜಾಲಿ ಮುಳ್ಳು. ಟಯರಿನೊಳಗೆ ತೂತು ಮುಚ್ಚುವ ದ್ರಾವಣ ಹಾಕಿಸಿದ್ದರೂ ಎರಡು ಟ್ಯೂಬು, ಒಂದು ಪಂಪು ಜೊತೆಗಿರಲಿ. ಪಂಕ್ಚರ್ ಅಂಗಡಿಗಳು ಪೇಟೆಗಳಲ್ಲಿ ಸಿಗುತ್ತವೆ, ಹೊಲದ ನಡುವೆ ಸಿಗುವುದಿಲ್ಲ. ಸುಗ್ಗಿಯ ದಿನಗಳಲ್ಲಿ ರಾಗಿ ತೆನೆಯನ್ನು ರಸ್ತೆಯ ಮೇಲೆಯೇ ಹರಡಿರುತ್ತಾರೆ. ಇಳಿದು, ಪಕ್ಕದಿಂದ ಸೈಕಲ್ ತಳ್ಳಿಕೊಂಡು ಹೋಗಬೇಕು. ಬೆಂಗಳೂರಿನಿಂದ ಬಂಗಾರಪೇಟೆ, ಮಾರಿಕುಪ್ಪಂ ಕಡೆಗೆ ರೈಲುಗಳಿವೆ. ಸೈಕಲ್ ಒಯ್ಯುವ ನಿಯಮ ಎಲ್ಲ ರೈಲುಗಳಿಗೂ ಒಂದೇ ಅಲ್ಲವಾದ್ದರಿಂದ ಹಿಂದಿನ ದಿನವೇ ನಿಲ್ದಾಣದಲ್ಲಿ ವಿಚಾರಿಸಿಕೊಳ್ಳುವುದು ಉತ್ತಮ.