ಅಕ್ಷರಕ್ಕೊಂದು ಆಶ್ರಯ

ಅತ್ತಿಮಬ್ಬೆಯು ಪೊನ್ನನ ‘ಶಾಂತಿಪುರಾಣ’ದ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು 10ನೆಯ ಶತಮಾನದ ಶಾಸ್ತ್ರದಾನದ ಪ್ರಸಿದ್ಧ ನಿದರ್ಶನ. ಕೃತಿಯನ್ನು ಓದುಗರ ಕೈಸೇರಿಸುವುದೇ ಅದಕ್ಕೆ ಸಲ್ಲುವ ಹಿರಿಯ ಗೌರವವೆಂಬ ಅರಿವು ಅಲ್ಲಿದೆ.

ಮುದ್ರಣಾಕ್ಷರಗಳ ಲೋಕದಲ್ಲಿಯೂ ಇಂತಹ ಆಶ್ರಯವೊಂದುಂಟು. ಪತ್ರಿಕೆಗಳಿಗಾಗಿ ರೂಪುಗೊಂಡು 1985ರಲ್ಲಿ ಪ್ರಕಟವಾದ ‘ಸ್ವಿಫ್ಟ್’ ಅಕ್ಷರಶೈಲಿಯ ಕರ್ತೃ, ಡಚ್ ವಿನ್ಯಾಸಕ ಗೆರಾರ್ಡ್ ಉಂಗರ್ (1942–2018) ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾಲಯದಲ್ಲಿ ಅನೇಕ ತರುಣರಿಗೆ ಗುರುವಾಗಿದ್ದರು. ಅಲ್ಲಿಯೇ ಕಲಿತ ವೆರೋನಿಕಾ ಬುರಿಯಾನ್ ಮತ್ತು ಹೋಸೆ ಸ್ಕಾಲಿಯೋನೆ ಕಟ್ಟಿದ ‘ಟೈಪ್‌ಟುಗೆದರ್’ ಸಂಸ್ಥೆಯು ಉಂಗರ್ ಅವರ ಹೆಸರಿನಲ್ಲಿ ವಿದ್ಯಾರ್ಥಿವೇತನವನ್ನು ನೀಡುತ್ತದೆ. ಆಯ್ಕೆಯಾದ ವಿದ್ಯಾರ್ಥಿಯ ವಿನ್ಯಾಸಕ್ಕೆ ಧನಸಹಾಯವೂ ಮಾರ್ಗದರ್ಶನವೂ ದೊರೆತು, ಅದು ಪೂರ್ಣಗೊಂಡು ಪ್ರಕಟವಾಗುತ್ತದೆ.

ಪದವಿಗಾಗಿ ರಚಿತವಾಗಿ ಕಡತದಲ್ಲಿಯೇ ಉಳಿದುಬಿಡಬಹುದಾದ ಅಕ್ಷರಗಳನ್ನು ಓದುಗರ ಬಳಿಗೆ ತರುವ ಈ ಬಗೆಯ ನೆರವು, ಕನ್ನಡ ಲಿಪಿಗಾಗಿ ದುಡಿಯುವ ತರುಣರಿಗೂ ನಮ್ಮ ದಾನಿಗಳಿಂದ ಒದಗಬೇಕು.