ಬೆಂಕಿಗೆ ಜಗ್ಗದ ಕರಿಕಂಬಳಿ

ರಾಣೆಬೆನ್ನೂರು ತಾಲ್ಲೂಕಿನ ಮೆಡ್ಲೇರಿ ಕಂಬಳಿ ನೇಯ್ಗೆಗೆ ಹೆಸರಾದ ಊರು. ಇಲ್ಲಿರುವ ಕಂಬಳಿಗೆ ಬಣ್ಣ ಹಾಕಿಲ್ಲ. ಈ ಕಪ್ಪು ದಖ್ಖನಿ ಕುರಿಯ ಮೈಯದೇ. ರಾಟಿಯಲ್ಲಿ ತೆಗೆದ ನೂಲನ್ನು ಹಾಸು ಹೂಡಿ, ಹುಣಸೆ ಬೀಜದ ಗಂಜಿ ಬಳಿದು, ಕುಣಿಮಗ್ಗದಲ್ಲಿ ನೇಯುತ್ತಾರೆ. ಹೊಸ ಕಂಬಳಿ ಬಿರುಸಾಗಿರಲು ಆ ಗಂಜಿಯೂ ಕಾರಣ.

ಹೊಲದಲ್ಲಿ ಕುರಿ ತರುಬಿ, ಪಕ್ಕದಲ್ಲೇ ಬೆಂಕಿ ಹಾಕಿಕೊಂಡು ಮಲಗುವ ಕುರಿಗಾರರಿಗೆ ಬಿಸಿಲು, ಮಳೆ, ಚಳಿ ಮೂರಕ್ಕೂ ಇದೊಂದೇ ಹೊದಿಕೆ. ಕಿಡಿ ಹಾರಿದರೂ ಅಂಜಿಕೆಯಿಲ್ಲ. ಉಣ್ಣೆಯಲ್ಲಿ ಸಾರಜನಕ, ಗಂಧಕಗಳಿವೆ. ತೇವವನ್ನೂ ಅದು ಹಿಡಿದಿಡುತ್ತದೆ. ಹಾಗಾಗಿ ಉಣ್ಣೆ ಉರಿಯುತ್ತಲೇ ಇರಬೇಕಾದರೆ ಸುಮಾರು ಶೇ 25ರಷ್ಟು ಆಮ್ಲಜನಕ ಬೇಕು. ಗಾಳಿಯಲ್ಲಿರುವುದು ಶೇ 21. ಹತ್ತಿಗಾದರೆ ಶೇ 18 ಸಾಕು! ಕಿಡಿ ಬಿದ್ದಲ್ಲಿ ಉಣ್ಣೆ ಕಮಟು ವಾಸನೆ ಬಿಟ್ಟು ಕರಕಲಾಗುತ್ತದೆ, ಅಷ್ಟೆ. ನೈಲಾನಿನಂತೆ ಕರಗಿ ಚರ್ಮಕ್ಕೆ ಅಂಟುವುದಿಲ್ಲ. ಮೈಗೆ ಬೆಂಕಿ ಹತ್ತಿದವರನ್ನು ಕಂಬಳಿಯಲ್ಲಿ ಸುತ್ತುವುದು ಇದಕ್ಕೇ.

ತೈಲಬಾವಿಯ ಕಾರ್ಮಿಕರು ಇಂದು ತೊಡುವ ಅರಾಮಿಡ್ ಎಂಬ ಕೃತಕ ನೂಲಿನ ಉಡುಪಿಗೂ ಇವೇ ಗುಣಗಳು ಬೇಕು: ಕರಗಬಾರದು, ಉರಿ ಹಬ್ಬಿಸಬಾರದು. ಹಾಗೆಂದು ಕಂಬಳಿ ಅದಕ್ಕೆ ಬದಲಿಯಲ್ಲ. ತೂಕ ಹೆಚ್ಚು, ಹೊದ್ದು ಯಂತ್ರದ ಮುಂದೆ ನಿಲ್ಲಲಾಗದು.

ಕೆಳಗಿನ ತುಂಡನ್ನು ಮುಟ್ಟಿ ನೋಡಬಹುದು.